ದೊಡ್ಡ ಲೆಕ್ಕದ ಕಚೇರಿಯಲ್ಲಿ ಎರಡು ವರ್ಷ

ಕಳೆದ ಶ್ರಾವಣಮಾಸದ ಒಂದು ಸಾಯಂಕಾಲ ಬನಹಟ್ಟಿಯ ನೇಕಾರ ಗೃಹಸ್ಥರೊಬ್ಬರು ತಮ್ಮ ಹಿರಿಯ ಮಗನನ್ನು ಕರೆದುಕೊಂಡು ಜಮಖಂಡಿಯ ನಮ್ಮ ಮನೆಗೆ ಬಂದರು. ಅವರ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ; ಗಂಡಹೆಂಡಿರಿಬ್ಬರೂ ಆ ಮಗ್ಗಗಳ ಸಪ್ಪಳದಲ್ಲಿಯೇ ಹಗಲನ್ನು ಕಳೆಯತಕ್ಕವರು. ಹುಡುಗನು ಹೈಸ್ಕೂಲಿನಲ್ಲಿ ನನ್ನ ಬಳಿ ಸಂಸ್ಕೃತ ಓದಿದವನು. ಆಮೇಲೆ ವಾಣಿಜ್ಯ ವಿಷಯವನ್ನು ಹಿಡಿದು, ಚಾರ್ಟರ್ಡ್ ಅಕೌಂಟಂಟ್ ಪರೀಕ್ಷೆಯ ಎರಡನೆಯ ಮೆಟ್ಟಲಾದ ಇಂಟರ್‌ಮೀಡಿಯೆಟ್ಟಿನ ಎರಡೂ ಗುಂಪುಗಳನ್ನು ದಾಟಿದ್ದನು. ಇನ್ನು ಎರಡು ವರ್ಷ ಅವನು ವೃತ್ತಿನಿರತ ಲೆಕ್ಕಪರಿಶೋಧಕನೊಬ್ಬನ ಕೈಕೆಳಗೆ ಕೆಲಸ ಕಲಿಯಬೇಕು. ಇದಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು. ೨೦೨೩ರ ಜುಲೈದಲ್ಲಿ ಹೊಸ ಕ್ರಮವು ಜಾರಿಗೆ ಬರುವವರೆಗೆ ಈ ಅವಧಿಯು ಮೂರು ವರ್ಷದ್ದಾಗಿದ್ದಿತು. ಜಗತ್ಪ್ರಸಿದ್ಧವಾದ ನಾಲ್ಕು ಲೆಕ್ಕಪರಿಶೋಧನ ಸಂಸ್ಥೆಗಳ ಪೈಕಿ ಒಂದರ ಬೆಂಗಳೂರು ಕಚೇರಿಯಿಂದ ಅವನಿಗೆ ಕರೆ ಬಂದಿದ್ದಿತು. ಇತ್ತ ಜಮಖಂಡಿಯ ಹಿರಿಯ ಆಡಿಟರರೊಬ್ಬರು ನಾಳೆಯೇ ಬಂದು ಕುಳಿತುಕೊಳ್ಳೆಂದು ಹೇಳಿ ಕಳಿಸಿದ್ದರು.

“ಸರ್ರ, ಹುಡುಗನ್ನ ಬೆಂಗಳೂರಿಗೆ ಕಳಸೂಣೋ, ಇಲ್ಲೇ ಇಡೂಣೋ? ದೊಡ್ಡ ಕಂಪನ್ಯಾಗ ಎರಡು ವರ್ಷ ಇದ್ದು ಬಂದ್ರ ಮುಂದ ಅವನ ಬಾಳೇಕ ಏನರ ಉಪಯೋಗ ಆಕ್ಕೈತೇನು, ಇಲ್ಲಾ ಬರೇ ಹೆಸರಷ್ಟs ಏನು?” ಎಂದು ತಂದೆಯು ಕೇಳಿದನು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಂದ ರಾಮಶಬ್ದವನ್ನು ಉರುಹೊಡೆಯಿಸಿದ ನನ್ನಂಥವನು ಈ ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರ ಹೇಳಲು ಅಧಿಕಾರಿಯಲ್ಲ. ಹದಿನೈದು ದಿನಗಳ ಅವಧಿಯನ್ನು ಬೇಡಿಕೊಂಡೆನು. ನನ್ನ ಹಳೆಯ ಶಿಷ್ಯರಲ್ಲಿ ಈ ವೃತ್ತಿಯನ್ನು ಹಿಡಿದವರು ಕೆಲವರಿರುವರು, ಅವರನ್ನು ವಿಚಾರಿಸಿದೆನು, ನಿಯಮಗಳನ್ನು ಓದಿದೆನು. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಎಷ್ಟೋ ಮನೆಗಳಲ್ಲಿ ಈ ಹೊತ್ತು ಇದೇ ಪ್ರಶ್ನೆಯು ಎದ್ದಿರುವುದರಿಂದ, ನನಗೆ ತಿಳಿದುಬಂದುದನ್ನು ವಾಚಕರ ಮುಂದೆ ಇಡುತ್ತೇನೆ.

ಲೆಕ್ಕವನ್ನು ಗುರುವಿನ ಮಗ್ಗುಲಲ್ಲಿ ಕುಳಿತು ಕಲಿಯುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಗಳಲ್ಲಿಯೂ ರಬಕವಿಯ ನೂಲಿನ ವ್ಯಾಪಾರಸ್ಥರಲ್ಲಿಯೂ ದಿವಾಣಜಿಯು ಗಾದಿಯ ಪಕ್ಕದಲ್ಲಿ ಕುಳಿತು ಕೀರ್ದಿ ಬರೆಯುತ್ತಿದ್ದನು. ಅವನ ಕೈಕೆಳಗಿನ ಹುಡುಗನು ಮೊದಲು ಚೀಟಿಗಳನ್ನು ಜೋಡಿಸಿ, ಆಮೇಲೆ ಕೀರ್ದಿಗೆ ಕೈಹಚ್ಚಿ, ಕೊನೆಗೆ ಖತಾವಣಿಯವರೆಗೆ ಏರುವನು. ಬಲಿಪಾಡ್ಯಮಿಯ ದಿನ ಹೊಸ ಕೀರ್ದಿಗೆ ಕುಂಕುಮವಿಟ್ಟು ಮೊದಲನೆಯ ಪುಟದಲ್ಲಿ ‘ಶ್ರೀ’ ಬರೆಯಲು ಯಾವ ಹುಡುಗನಿಗೆ ಹೇಳಿದರೋ ಅವನು ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದೇ ತಿಳಿಯಬೇಕು. ಇನ್ನೂ ಹಿಂದಕ್ಕೆ ಹೋಗುವೆನೆಂಬವರಿಗೆ ಕೌಟಿಲ್ಯನ ಅರ್ಥಶಾಸ್ತ್ರವಿದೆ. ಅದರ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ೧೯೦೫ರಲ್ಲಿ ಬೆಳಕಿಗೆ ತಂದು, ೧೯೦೯ರಲ್ಲಿ ಅಚ್ಚು ಹಾಕಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಲೆಕ್ಕದ ಕಚೇರಿಗೆ ಅದರಲ್ಲಿ ಅಕ್ಷಪಟಲವೆಂದು ಹೆಸರು. ಆಷಾಢಮಾಸದಲ್ಲಿ ಎಲ್ಲ ಕರಣಿಕರೂ ವರ್ಷದ ಲೆಕ್ಕವನ್ನು ಮುದ್ರೆ ಹಾಕಿ ತಂದೊಪ್ಪಿಸಬೇಕೆಂದು ಅಲ್ಲಿ ವಿಧಿಸಿದೆ. ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸಿ ಹೇಳಿದೆ. ನಲವತ್ತೊಂದನೆಯದನ್ನು ನಮ್ಮ ಕಾಲದವರು ಕಂಡುಹಿಡಿದಿರಬಹುದು.

ಅಸ್ತು. ಈಗಿನ ಪದ್ಧತಿಯು ಇಂಗ್ಲಂಡದಿಂದ ಬಂದುದು. ಕಂಪನಿಗಳ ಲೆಕ್ಕವನ್ನು ಪರೀಕ್ಷಿಸುವವನು ಸರಕಾರದ ಸನ್ನದು ಪಡೆದವನಾಗಿರಬೇಕೆಂದು ೧೯೧೩ರ ಕಂಪನಿ ಕಾಯದೆಯು ಗೊತ್ತುಪಡಿಸಿತು. ಅದೇ ವರ್ಷ ಮುಂಬಯಿಯಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಹುಟ್ಟಿತು. ೧೯೧೮ರಲ್ಲಿ ಮುಂಬಯಿ ಸರಕಾರವು ‘ಜಿ. ಡಿ. ಎ.’ ಎಂಬ ಪರೀಕ್ಷೆಯನ್ನು ಏರ್ಪಡಿಸಿತು. ೧೯೩೨ರ ನಿಯಮಗಳಿಂದ ‘ರಜಿಸ್ಟರ್ಡ್ ಅಕೌಂಟಂಟ್’ ಎಂಬ ಪದವಿಯು ಬಂದಿತು. ೧೯೪೯ರ ಜುಲೈ ೧ರಂದು ಈಗಿನ ಚಾರ್ಟರ್ಡ್ ಅಕೌಂಟಂಟರ ಸಂಸ್ಥೆಯು ಸ್ಥಾಪಿತವಾಯಿತು. ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದು ಅದರ ಹಿಂದಿನ ವರ್ಷವೇ. ಆ ಕಾಲದಲ್ಲಿ ಶಿಷ್ಯನು ಗುರುವಿಗೆ ಹಣ ತೆತ್ತು ಕಚೇರಿಗೆ ಸೇರುವ ವಾಡಿಕೆಯಿದ್ದಿತು. ಈಗ ಗುರುವೇ ಶಿಷ್ಯನಿಗೆ ತಿಂಗಳಿಗಿಷ್ಟೆಂದು ಕೊಡಬೇಕು. ಕಾಲವು ಕೆಲವು ವಿಷಯಗಳಲ್ಲಿ ನ್ಯಾಯದ ಕಡೆಗೂ ತಿರುಗುವುದುಂಟು.

ಇದನ್ನು ಓದುತ್ತಿರುವಾಗ ನನಗೆ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ನೆನಪಾಯಿತು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು ಈ ಸ್ಮೃತಿಯ ವ್ಯಾಖ್ಯಾನವೆಂಬುದು ಅನೇಕರಿಗೆ ಗೊತ್ತಿರುವುದು. ಶಿಲ್ಪವನ್ನು ಕಲಿಯಲು ಗುರುವಿನ ಮನೆಯಲ್ಲಿ ನಿಲ್ಲುವವನಿಗೆ ಅಲ್ಲಿ ‘ಅಂತೇವಾಸಿ’ ಎಂದು ಹೆಸರು. ಅವನು ಬೇಗನೆ ಕಲಿತುಬಿಟ್ಟರೂ ಒಪ್ಪಿಕೊಂಡ ಅವಧಿಯವರೆಗೆ ಗುರುಗೃಹದಲ್ಲಿ ಇರತಕ್ಕದ್ದು. ಅನ್ನವನ್ನು ಗುರುವು ಕೊಡತಕ್ಕದ್ದು. ಕೆಲಸದ ಫಲವು ಗುರುವಿಗೆ ಸೇರತಕ್ಕದ್ದು. ನಾರದಸ್ಮೃತಿಯು ಇದಕ್ಕೆ ಇನ್ನೊಂದು ಮಾತನ್ನು ಕೂಡಿಸಿದೆ: ಗುರುವು ಆ ಶಿಲ್ಪದ ಹೊರತು ಬೇರೆ ಕೆಲಸವನ್ನು ಅವನಿಂದ ಮಾಡಿಸಕೂಡದು, ಅವನನ್ನು ಮಗನಂತೆ ಕಾಣಬೇಕು. ಈಗಿನ ಆರ್ಟಿಕಲ್ ಕರಾರುಪತ್ರವನ್ನು ಓದಿದರೆ ಇದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ಕಚೇರಿಯು ದೊಡ್ಡದೋ ಚಿಕ್ಕದೋ ಎಂದು ಕೇಳುವುದಕ್ಕಿಂತ ಮೊದಲು, ಹುಡುಗನಿಂದ ಅಲ್ಲಿ ಯಾವ ಕೆಲಸವನ್ನು ಮಾಡಿಸುತ್ತಾರೆಂದು ಕೇಳಬೇಕೆಂಬ ಬುದ್ಧಿಯು ನನಗೆ ಹುಟ್ಟಿದುದು ಇಲ್ಲಿಂದಲೇ.

ಆ ನಾಲ್ಕು ದೊಡ್ಡ ಸಂಸ್ಥೆಗಳು ಯಾವವೆಂದರೆ ಡೆಲಾಯ್ಟ್, ಪಿ. ಡಬ್ಲ್ಯು. ಸಿ., ಇ. ವೈ., ಕೆ. ಪಿ. ಎಂ. ಜಿ. ಇವುಗಳಲ್ಲಿ ಡೆಲಾಯ್ಟ್ ಎಂಬ ಗೃಹಸ್ಥನು ಲಂಡನ್ನಿನಲ್ಲಿ ೧೮೪೫ರಲ್ಲಿ ಕಚೇರಿಯನ್ನು ತೆರೆದನು. ಪ್ರೈಸ್ ಎಂಬವನು ೧೮೪೯ರಲ್ಲಿ. ಆದರೆ ಹೊರದೇಶದ ಸಂಸ್ಥೆಯು ತನ್ನ ಹೆಸರಿನಿಂದಲೇ ಇಲ್ಲಿಯ ಕಂಪನಿಯ ಲೆಕ್ಕಕ್ಕೆ ಸಹಿ ಹಾಕಲು ನಮ್ಮ ಕಾಯದೆಯಲ್ಲಿ ಆಸ್ಪದವಿಲ್ಲ. ಆದ್ದರಿಂದ ಅವುಗಳ ಬಳಗಕ್ಕೆ ಸೇರಿದ ಭಾರತೀಯ ಸಂಸ್ಥೆಗಳು ಆ ಕೆಲಸವನ್ನು ಮಾಡುತ್ತವೆ. ಇ. ವೈ. ಬಳಗದಲ್ಲಿ ಎಸ್. ಆರ್. ಬಾಟ್ಲಿಬಾಯ್ ಎಂಬ ಹೆಸರನ್ನೂ ಕೆ. ಪಿ. ಎಂ. ಜಿ. ಬಳಗದಲ್ಲಿ ಬಿ. ಎಸ್. ಆರ್. ಎಂಬ ಹೆಸರನ್ನೂ ಕಾಣಬಹುದು. ಕರಾರುಪತ್ರದಲ್ಲಿ ಬೇರೆ ಹೆಸರನ್ನು ಕಂಡು ಮೋಸವಾಯಿತೆಂದು ಗಾಬರಿಯಾಗಬೇಕಾದುದಿಲ್ಲ.

ಗಾಬರಿಯಾಗಬೇಕಾದ ವಿಷಯವು ಬೇರೊಂದಿದೆ. ಇದೇ ದೊಡ್ಡ ಹೆಸರುಗಳಲ್ಲಿ ಬೆಂಗಳೂರು, ಹೈದರಾಬಾದುಗಳಲ್ಲಿ ಇನ್ನೊಂದು ಬಗೆಯ ಕಚೇರಿಗಳು ಇರುವವು; ಅಮೇರಿಕ, ಇಂಗ್ಲಂಡಗಳ ಕಚೇರಿಗಳಿಗೆ ಬೇಕಾದ ತೆರಿಗೆಯ ತಃಖ್ತೆಗಳನ್ನೂ ಪರಿಶೋಧನೆಯ ಕಾಗದಗಳನ್ನೂ ಅಲ್ಲಿ ಸಿದ್ಧಪಡಿಸುತ್ತಾರೆ. ಬಿ. ಕಾಂ. ಮುಗಿಸಿದ ನಮ್ಮ ಭಾಗದ ಹುಡುಗ ಹುಡುಗಿಯರು ಅಲ್ಲಿ ನೌಕರಿಗೆ ಸೇರುತ್ತಾರೆ. ಪಗಾರವು ಒಳ್ಳೆಯದೇ, ಕೆಲಸವೂ ಮಾನದ್ದೇ. ಆದರೆ ಅದು ಆರ್ಟಿಕಲ್‌ಶಿಪ್ ಅಲ್ಲ. ವೃತ್ತಿನಿರತನಾದ ಚಾರ್ಟರ್ಡ್ ಅಕೌಂಟಂಟನ ಕೈಕೆಳಗೆ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳದೆ ಕಳೆದ ದಿನಗಳು ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಊರಲ್ಲಿ “ನಮ್ಮ ಮಗ ಅದೇ ಕಂಪನ್ಯಾಗ ಅದಾನ್ರಿ” ಎಂದು ಹೇಳುವ ತಂದೆತಾಯಿಗಳು ಯಾವ ಕಚೇರಿಯಲ್ಲಿ, ಯಾವ ಕೆಲಸದಲ್ಲಿ ಎಂಬುದನ್ನು ಒಮ್ಮೆ ಕೇಳಿ ತಿಳಿದುಕೊಳ್ಳಬೇಕು.

ಈಗ ನನ್ನ ಇಬ್ಬರು ಶಿಷ್ಯರ ಕಥೆಯನ್ನು ಹೇಳುತ್ತೇನೆ. ಒಬ್ಬನು ಮುಧೋಳ ತಾಲೂಕಿನ ರೈತರ ಮಗನು. ಹತ್ತು ವರ್ಷಗಳ ಹಿಂದೆ ಮುಂಬಯಿಯ ಒಂದು ದೊಡ್ಡ ಕಚೇರಿಯಲ್ಲಿ ಅವನು ಮೂರು ವರ್ಷ ಕಲಿತನು. ಮೊದಲಿನ ವರ್ಷದಲ್ಲಿ ತಾನು ಏನು ಮಾಡಿದೆನೆಂಬುದನ್ನು ಅವನು ನಗುತ್ತ ಹೇಳಿದನು. ಒಂದು ಭಾರಿ ಕಂಪನಿಯ ಪರಿಶೋಧನೆಗೆ ಹೋದ ಇಪ್ಪತ್ತು ಜನರಲ್ಲಿ ಇವನು ಕಡೆಯವನು. ಬ್ಯಾಂಕುಗಳಿಗೆ ಪತ್ರ ಬರೆದು, ಇಂಥ ದಿನ ಇಂಥ ಖಾತೆಯಲ್ಲಿ ಎಷ್ಟು ಹಣವಿದ್ದಿತೆಂದು ಉತ್ತರ ತರಿಸಿ, ಅದನ್ನು ಕಂಪನಿಯ ಪುಸ್ತಕದೊಡನೆ ತಾಳೆ ನೋಡುವುದೇ ಇವನ ಪಾಲಿಗೆ ಬಂದ ಕೆಲಸ. ಮೂರು ತಿಂಗಳು ಬೇರೇನೂ ಇಲ್ಲ. ಆ ಕಂಪನಿಯ ಲಾಭನಷ್ಟದ ತಃಖ್ತೆಯು ಹೇಗೆ ಸಿದ್ಧವಾಯಿತೆಂಬುದನ್ನು ಅವನು ಪತ್ರಿಕೆಯಲ್ಲಿ ಓದಿ ತಿಳಿದುಕೊಂಡನಂತೆ! ತೆರಿಗೆಯ ನೋಟೀಸಿಗೆ ಉತ್ತರ ಬರೆಯುವುದನ್ನು ಆ ಮೂರು ವರ್ಷಗಳಲ್ಲಿ ಅವನು ಕಣ್ಣಿನಿಂದ ನೋಡಲಿಲ್ಲ; ಆ ಕೆಲಸಕ್ಕೆ ಅಲ್ಲಿ ಬೇರೊಂದು ವಿಭಾಗವೇ ಇದ್ದಿತು.

“ಹಾಗಾದರೆ ಆ ಮೂರು ವರ್ಷ ವ್ಯರ್ಥವಾದವೇನಪ್ಪಾ?” ಎಂದು ಕೇಳಿದೆನು.

ಅವನು ಹೇಳಿದುದು ನನ್ನ ಮನಸ್ಸಿನಲ್ಲಿ ನಿಂತಿದೆ. ನೋಡಿದ ಪ್ರತಿಯೊಂದು ಕಾಗದಕ್ಕೂ ಟಿಪ್ಪಣಿ ಬರೆದಿಡುವ ಶಿಸ್ತು, ಅಪರಿಚಿತನಾದ ಇನ್ನೊಬ್ಬನು ಅದನ್ನು ಓದಿ ಒಂದೇ ನಿರ್ಣಯಕ್ಕೆ ಬರುವಂತೆ ಬರೆಯುವ ರೀತಿ, ಐವತ್ತು ವರ್ಷದ ಅಧಿಕಾರಿಗೆ ಎದುರು ನಿಂತು ವಿನಯದಿಂದಲೇ “ಈ ಮೊಬಲಗಿಗೆ ಆಧಾರವೇನು?” ಎಂದು ಎರಡನೆಯ ಸಲ ಕೇಳುವ ಧೈರ್ಯ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಸ್ಪಷ್ಟವಾಗಿ ಬರೆಯುವುದು — ಇವಷ್ಟನ್ನು ಅಲ್ಲಿ ಕಲಿತೆನೆಂದನು. ದೊಡ್ಡ ಕಂಪನಿಗಳಿಗೆ ೨೦೧೬ರಿಂದ ಹಂತಹಂತವಾಗಿ ಹೊಸ ಲೆಕ್ಕದ ಮಾನದಂಡಗಳು ಅನ್ವಯಿಸಿದಾಗ ಅವುಗಳನ್ನು ಮೊದಲು ಕೈಯಲ್ಲಿ ಹಿಡಿದವರು ಇಂಥ ಕಚೇರಿಗಳ ಹುಡುಗರೇ. ಈಗ ಅವನು ಪುಣೆಯಲ್ಲಿ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಹಣಕಾಸಿನ ಅಧಿಕಾರಿಯಾಗಿದ್ದಾನೆ. ಅಲ್ಲಿ ಅರ್ಜಿಗಳನ್ನು ಆರಿಸುವಾಗ ಮೊದಲು ಆ ಕಚೇರಿಯ ಹೆಸರನ್ನೇ ನೋಡಿದರಂತೆ. ಹೆಸರಿಲ್ಲದವರ ಅರ್ಜಿಗಳನ್ನು ಬಿಡಿಸಿ ನೋಡಲೇ ಇಲ್ಲವೆಂದು ಸೇರಿದ ಮೇಲೆ ತಿಳಿಯಿತಂತೆ. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ. ಆದರೆ ಹೀಗೆ ನಡೆಯುವುದು ನಿಜ.

ಅವನು ಬೇಸರಪಟ್ಟ ಆ ಬ್ಯಾಂಕುಪತ್ರಗಳ ವಿಷಯವಾಗಿ ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆನು. ೨೦೦೯ರ ಜನವರಿ ೭ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷನಾದ ರಾಮಲಿಂಗರಾಜುವು, ತನ್ನ ಪುಸ್ತಕಗಳಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕು ಶಿಲ್ಕಿನಲ್ಲಿ ೫,೦೪೦ ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡನು. ಆ ಲೆಕ್ಕಗಳಿಗೆ ಸಹಿ ಹಾಕಿದವರು ನಾಲ್ಕು ದೊಡ್ಡ ಬಳಗಗಳ ಪೈಕಿ ಒಂದಕ್ಕೆ ಸೇರಿದವರು. ಬ್ಯಾಂಕಿಗೆ ಪತ್ರ ಕಳಿಸಿ ಉತ್ತರ ತರಿಸುವ ಕೆಲಸವನ್ನು ಪರಿಶೋಧಕರು ತಾವು ಮಾಡದೆ ಕಂಪನಿಯವರ ಕೈಗೇ ಒಪ್ಪಿಸಿದ್ದರೆಂದು ಅಮೇರಿಕದ ಷೇರುಪೇಟೆಯ ನಿಯಂತ್ರಣ ಮಂಡಲವು ೨೦೧೧ರ ತನ್ನ ಆದೇಶದಲ್ಲಿ ಹೇಳಿತು. ಯಾವ ಕೆಲಸವು ಕಡೆಯ ಹುಡುಗನ ಕೆಲಸವೆಂದು ಎಲ್ಲರೂ ತಾತ್ಸಾರದಿಂದ ಕಾಣುತ್ತಾರೋ ಅದರಲ್ಲಿಯೇ ಇಡೀ ಮನೆಯ ಅಸ್ತಿಭಾರವಿದ್ದಿತು.

ಎರಡನೆಯ ಶಿಷ್ಯನು ರಬಕವಿಯವನು. ಬೆಳಗಾವಿಯಲ್ಲಿ ಎರಡು ಕೋಣೆಯ ಒಂದು ಕಚೇರಿಯಲ್ಲಿ ಕಲಿತನು. ಅಲ್ಲಿ ಗುರುಗಳು ಒಬ್ಬರು, ಶಿಷ್ಯರು ಮೂವರು. ಮೊದಲನೆಯ ವಾರದಲ್ಲಿಯೇ ಅವನ ಮುಂದೆ ಒಬ್ಬ ಕಿರಾಣಿ ವ್ಯಾಪಾರಿಯ ಚೀಟಿಗಳ ಗಂಟನ್ನು ಇಟ್ಟು, ಇದರಿಂದ ಆದಾಯ ತೆರಿಗೆಯ ತಃಖ್ತೆಯವರೆಗೆ ನೀನೇ ಮಾಡೆಂದರು. ೨೦೧೭ರ ಜುಲೈ ೧ರಂದು ಜಿ. ಎಸ್. ಟಿ. ಬಂದಾಗ ನೂಲಿನವರು, ಸೀರೆಯವರು, ಬೆಲ್ಲದವರು ಎಲ್ಲರೂ ಏಕಕಾಲಕ್ಕೆ ಕಚೇರಿಯ ಬಾಗಿಲಿಗೆ ಬಂದು ನಿಂತರು. ಗುರುಶಿಷ್ಯರು ಕೂಡಿಯೇ ಹೊಸ ಕಾಯದೆಯನ್ನು ಓದಿದರು. ಸಹಕಾರಿ ಸಂಘಗಳ ಲೆಕ್ಕ, ದೇವಸ್ಥಾನದ ಪಂಚಕಮಿಟಿಯ ಲೆಕ್ಕ, ಶಿಕ್ಷಣ ಸಂಸ್ಥೆಯ ಲೆಕ್ಕ ಎಲ್ಲವೂ ಅವನ ಕೈಯಿಂದ ಹಾದುಹೋದವು. ಒಂದು ಸಕ್ಕರೆ ಕಾರಖಾನೆಯಲ್ಲಿ ಮಾರ್ಚ ೩೧ರ ದಿನ ಗೋದಾಮಿನ ಚೀಲಗಳ ಥಪ್ಪಿಗಳನ್ನು ಎಣಿಸಿ, ಕಾಕಂಬಿಯ ಟಾಕಿಯಲ್ಲಿ ಅಳತೆಗೋಲನ್ನು ಇಳಿಬಿಟ್ಟು ನೋಡಿ, ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದ ಸಂಗತಿಯನ್ನು ಅವನು ಬಣ್ಣಿಸುವಾಗ ಪುಣೆಯವನ ಮುಖದಲ್ಲಿ ಕಾಣದ ಒಂದು ಕಳೆಯನ್ನು ನಾನು ಕಂಡೆನು. ಕಬ್ಬನ್ನು ಒಪ್ಪಿಸಿದ ೧೪ ದಿನಗಳೊಳಗಾಗಿ ರೈತನಿಗೆ ಹಣ ಸಲ್ಲಬೇಕೆಂದು ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯು ಹೇಳುತ್ತದೆ. ಕಾರಖಾನೆಯು ತೆರಬೇಕಾದ ಬಾಕಿಯನ್ನು ಲೆಕ್ಕದಲ್ಲಿ ಸರಿಯಾಗಿ ತೋರಿಸಿರುವರೋ ಇಲ್ಲವೋ ಎಂಬುದನ್ನು ನೋಡುವಾಗ ತನ್ನ ಸೋದರಮಾವನ ಹೆಸರೂ ಆ ಪಟ್ಟಿಯಲ್ಲಿದ್ದಿತೆಂದು ಅವನು ಹೇಳಿದನು.

ಈಗ ಅವನಿಗೆ ಊರಲ್ಲಿಯೇ ಸ್ವಂತ ಕಚೇರಿಯಿದೆ. ಅಲ್ಲಿಗೆ ಬರುವ ಯಾವ ವ್ಯಾಪಾರಸ್ಥನೂ “ನೀವು ಎಲ್ಲಿ ಕಲಿತಿರಿ?” ಎಂದು ಈವರೆಗೆ ಕೇಳಿಲ್ಲ. “ನೋಟೀಸು ಬಂದೈತ್ರಿ, ಏನು ಮಾಡೂಣ?” ಎಂದಷ್ಟೇ ಕೇಳುತ್ತಾರೆ. ಸಹಿಯ ಅಧಿಕಾರವೂ ಇಬ್ಬರಿಗೂ ಒಂದೇ. ಮುಂಬಯಿಯಲ್ಲಿ ಕಲಿತವನ ಸಹಿಗೆ ಕಾಯದೆಯು ಹೆಚ್ಚಿನ ತೂಕವನ್ನು ಕೊಟ್ಟಿಲ್ಲ. ಆದರೆ ಇವನ ಬಾಯಿಂದಲೂ ಒಂದು ಕೊರಗಿನ ಮಾತು ಬಂದಿತು. ಸನ್ನದು ದೊರೆತ ವರ್ಷ ಬೆಂಗಳೂರಿನ ಕಂಪನಿಗಳಿಗೆ ಅವನೂ ಅರ್ಜಿಗಳನ್ನು ಹಾಕಿದ್ದನು. ಒಂದರಿಂದಲೂ ಕರೆ ಬರಲಿಲ್ಲ. “ಊರನ್ನು ನಾನು ಆರಿಸಿಕೊಂಡೆನೆಂದು ಎಲ್ಲರೂ ಹೊಗಳುತ್ತಾರೆ ಸರ್. ಆಗ ನನ್ನ ಮುಂದೆ ಆರಿಸಿಕೊಳ್ಳಲು ಬೇರೊಂದು ಇರಲಿಲ್ಲ” ಎಂದನು. ಈ ಮಾತನ್ನು ಮರೆಮಾಡಿ ನಮ್ಮ ಭಾಗದ ಕಚೇರಿಗಳನ್ನು ಹೊಗಳುವುದು ಪ್ರಾಮಾಣಿಕತೆಯಾಗಲಾರದು.

ಹೀಗೆ ಇಬ್ಬರನ್ನೂ ಕೇಳಿದ ಮೇಲೆ ನನಗೆ ತೋರಿದುದಿಷ್ಟು. ದೊ‌ಡ್ಡ ಕಚೇರಿಯ ಹೆಸರು ಒಂದು ಪರಿಚಯಪತ್ರದಂತೆ. ಪರಿಚಯಪತ್ರವನ್ನು ಕೇಳುವ ಬಾಗಿಲುಗಳು ಬೆಂಗಳೂರು, ಮುಂಬಯಿ, ಪುಣೆಗಳಲ್ಲಿಯೂ ಹೊರದೇಶಗಳಲ್ಲಿಯೂ ಇರುತ್ತವೆ. ಅಲ್ಲಿ ಅದರ ಬೆಲೆ ಬಹಳ. ಅದೂ ಮೊದಲನೆಯ ಮತ್ತು ಎರಡನೆಯ ನೌಕರಿಯವರೆಗೆ ಮಾತ್ರ. ಆಮೇಲೆ ನೀನು ಏನು ಮಾಡಿ ತೋರಿಸಿದೆ ಎಂದು ಕೇಳುತ್ತಾರೆಯೇ ಹೊರತು ಎಲ್ಲಿ ಕಲಿತೆ ಎಂದು ಕೇಳುವುದಿಲ್ಲ. ನಮ್ಮ ನಾಲ್ಕು ತಾಲೂಕುಗಳ ಬಾಗಿಲುಗಳು ಬೇರೆ. ಇಲ್ಲಿ ಲೆಕ್ಕವನ್ನು ಬುಡದಿಂದ ತುದಿಯವರೆಗೆ ಒಬ್ಬನೇ ಬಲ್ಲವನಾಗಿರಬೇಕು. ಒಂದು ಮೂಲೆಯನ್ನಷ್ಟೇ ನೋಡಿ ಬಂದವನು ಇಲ್ಲಿ ಕಚೇರಿ ತೆರೆದರೆ ಮತ್ತೆ ಎರಡು ವರ್ಷ ಅಂತೇವಾಸಿಯಾಗಬೇಕಾಗುವುದು. ಸನ್ನದು ಪಡೆದ ಮೇಲೆ ದೊಡ್ಡ ಕಚೇರಿಯಲ್ಲಿಯೇ ನೌಕರಿಗೆ ನಿಲ್ಲುವವರ ಸಂಗತಿಯೂ ಅಷ್ಟೇ. ಮೂರು ನಾಲ್ಕು ವರ್ಷಗಳಲ್ಲಿ ಬಹುಜನರು ಕಂಪನಿಗಳಿಗೆ ಹೊರಟುಹೋಗುತ್ತಾರೆ. ಪಾಲುದಾರಿಕೆಯವರೆಗೆ ಏರುವವರು ಕೆಲವರೇ.

ಇನ್ನು ಹಣದ ವಿಚಾರ. ಶಿಷ್ಯನಿಗೆ ಕೊಡಬೇಕಾದ ಕನಿಷ್ಠ ವೇತನವನ್ನು ಸಂಸ್ಥೆಯು ಊರಿನ ಜನಸಂಖ್ಯೆಯನ್ನು ನೋಡಿ ಗೊತ್ತುಮಾಡಿದೆ. ಮಹಾನಗರಗಳಲ್ಲಿ ಹೆಚ್ಚು, ನಮ್ಮಂಥ ಊರುಗಳಲ್ಲಿ ಎಲ್ಲಕ್ಕೂ ಕಡಿಮೆ. ದೊಡ್ಡ ಕಚೇರಿಗಳು ಕನಿಷ್ಠಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತವೆ. ಆದರೂ ಬೆಂಗಳೂರಿನ ಕೋಣೆಯ ಬಾಡಿಗೆ, ಊಟ, ಬಸ್ಸು ಇವುಗಳನ್ನು ಕಳೆದರೆ ತಿಂಗಳ ಕೊನೆಯಲ್ಲಿ ಮನೆಯವರಿಂದ ಹಣ ತರಿಸುವ ಪ್ರಸಂಗವು ತಪ್ಪುವುದಿಲ್ಲ. ಜಮಖಂಡಿಯಲ್ಲಿ ಕಲಿಯುವವನು ಮನೆಯ ರೊಟ್ಟಿ ತಿಂದು ಬನಹಟ್ಟಿಯ ಬಸ್ಸಿಗೆ ಹೋಗಿ ಬರುತ್ತಾನೆ.

ಹಣಕ್ಕಿಂತಲೂ ಬೆಲೆಯುಳ್ಳದ್ದು ಹೊತ್ತು. ಮಾರ್ಚದಿಂದ ಮೇ ತಿಂಗಳವರೆಗೆ ದೊಡ್ಡ ಕಚೇರಿಗಳಲ್ಲಿ ರಾತ್ರಿ ಹತ್ತು ಗಂಟೆಗೆ ಏಳುವುದೇ ಬೇಗ ಎದ್ದಂತೆ. ಇಂಥ ಕಚೇರಿಗಳಲ್ಲಿ ತರುಣರು ದುಡಿಯುವ ವೇಳೆಯ ವಿಷಯವಾಗಿ ೨೦೨೪ರಲ್ಲಿ ದೇಶದಲ್ಲೆಲ್ಲ ಚರ್ಚೆ ನಡೆದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಚಿಕ್ಕ ಕಚೇರಿಗಳಲ್ಲಿಯೂ ತಃಖ್ತೆ ತುಂಬುವ ಕಡೆಯ ದಿನಗಳಲ್ಲಿ ನಿದ್ದೆಯಿಲ್ಲವೆಂಬುದು ನಿಜ. ಆದರೆ ಕೊನೆಯ ಪರೀಕ್ಷೆಯ ಎರಡೂ ಗುಂಪುಗಳಿಗೆ ಒಮ್ಮೆಲೇ ಕುಳಿತು ದಾಟುವವರು ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ಇಪ್ಪತ್ತನ್ನು ಮುಟ್ಟುವುದೂ ಅಪರೂಪ. ದೊಡ್ಡ ಹೆಸರಿನ ಕಚೇರಿಯಲ್ಲಿ ಎರಡು ವರ್ಷ ದುಡಿದು, ಓದಲು ಹೊತ್ತು ಸಿಗದೆ ಪರೀಕ್ಷೆಯಲ್ಲಿ ಮೂರು ಸಲ ಜಾರಿದವನ ಮನೆಯಲ್ಲಿ ಆ ಹೆಸರು ಯಾರ ಹೊಟ್ಟೆಯನ್ನು ತುಂಬೀತು? ಈ ಒಂದು ಲೆಕ್ಕವನ್ನು ತಂದೆತಾಯಿಗಳು ಮಾಡುವುದೇ ಇಲ್ಲ. ನಡುವೆ ಗುರುವನ್ನು ಬದಲಿಸುವುದೂ ಸುಲಭವಲ್ಲ. ಅದಕ್ಕೆ ನಿಯಮಗಳ ಕಟ್ಟುಂಟು. ಆದುದರಿಂದ ಪರೀಕ್ಷೆಗೆ ಎಷ್ಟು ದಿನ ರಜೆ ಕೊಡುವರೆಂಬುದನ್ನು ಸಹಿಗೆ ಮುಂಚೆಯೇ ಕೇಳಬೇಕು.

ಹೆಣ್ಣುಮಕ್ಕಳ ತಂದೆತಾಯಿಗಳು ಇನ್ನೊಂದು ಪ್ರಶ್ನೆಯನ್ನು ಕೇಳುತ್ತಾರೆ. ಬೀಳಗಿ ತಾಲೂಕಿನ, ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿದ ಮನೆತನದ ಹುಡುಗಿಯೊಬ್ಬಳು ನನಗೆ ಗೊತ್ತು. ಹೊಲ ಹೋಗಿ ಪರಿಹಾರದ ಹಣ ಬಂದ ದಿವಸಗಳಲ್ಲಿ ಅದನ್ನು ಎಲ್ಲಿಡಬೇಕು, ಹೇಗೆ ಬರೆದಿಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದೆ ಹೋದುದನ್ನು ಹಿರಿಯರ ಬಾಯಿಂದ ಕೇಳಿ ಕೇಳಿ ತಾನು ಲೆಕ್ಕದ ಕಡೆಗೆ ತಿರುಗಿದೆನೆಂದು ಅವಳು ಹೇಳುತ್ತಾಳೆ. ದೂರದ ಊರಿಗೆ ಕಳಿಸಲೊಲ್ಲೆವೆಂದು ಮನೆಯವರು ಹಟ ಹಿಡಿದಿದ್ದರು. ನಮ್ಮ ದೇಶದ ಮೊದಲನೆಯ ಮಹಿಳಾ ಲೆಕ್ಕಪರಿಶೋಧಕಿಯೆಂದು ಹೆಸರಾದ ಮದರಾಸಿನ ಆರ್. ಶಿವಭೋಗಂ ಅವರು ಜಿ. ಡಿ. ಎ. ಪರೀಕ್ಷೆಯನ್ನು ಮುಗಿಸಿದುದು ೧೯೩೦ರ ದಶಕದಲ್ಲಿ; ಮುಂದೆ ದಕ್ಷಿಣ ಭಾರತದ ಪ್ರಾದೇಶಿಕ ಮಂಡಲಕ್ಕೆ ಅವರು ಅಧ್ಯಕ್ಷೆಯೂ ಆದರು. ಇದನ್ನು ಹೇಳಿದ ಮೇಲೆ ಆ ಹುಡುಗಿಯ ಅಜ್ಜಿಯು, “ಅಷ್ಟು ಹಿಂದs ಒಬ್ಬಾಕಿ ಮಾಡ್ಯಾಳಂದ್ರ ನಮ್ಮಾಕೀನೂ ಹೋಗ್ಲಿ” ಎಂದಳು. ಹುಡುಗಿಯು ಈಗ ಹುಬ್ಬಳ್ಳಿಯಲ್ಲಿ ಹತ್ತಾರು ಪರಿಶೋಧಕರಿರುವ ಮಧ್ಯಮ ತರದ ಕಚೇರಿಯಲ್ಲಿ ಕಲಿಯುತ್ತಿದ್ದಾಳೆ. ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಇಂಥ ಕಚೇರಿಗಳನ್ನು ನಮ್ಮವರು ಮರೆತೇಬಿಡುತ್ತಾರೆ. ಕಂಪನಿಯ ಪರಿಶೋಧನೆ, ತೆರಿಗೆ, ಬ್ಯಾಂಕು ಮೂರನ್ನೂ ಅಲ್ಲಿ ಒಬ್ಬನೇ ಶಿಷ್ಯನು ನೋಡಬಹುದು.

ದೊಡ್ಡ ಹೆಸರೂ ಶಾಶ್ವತವೆಂದು ತಿಳಿಯಬಾರದು. ಶತಮಾನದ ಆರಂಭದಲ್ಲಿ ಇಂಥ ಸಂಸ್ಥೆಗಳು ನಾಲ್ಕಲ್ಲ, ಐದು ಇದ್ದವು. ೧೯೧೩ರಲ್ಲಿ ಶಿಕಾಗೋ ನಗರದಲ್ಲಿ ಹುಟ್ಟಿದ ಆರ್ಥರ್ ಆಂಡರ್ಸನ್ ಎಂಬುದು ಐದನೆಯದು. ಅದು ಲೆಕ್ಕ ನೋಡುತ್ತಿದ್ದ ಎನ್ರಾನ್ ಕಂಪನಿಯು ೨೦೦೧ರ ಡಿಸೆಂಬರದಲ್ಲಿ ದಿವಾಳಿಯೆದ್ದಿತು. ಮರುವರ್ಷವೇ ಆಂಡರ್ಸನ್ ಸಂಸ್ಥೆಯು ತನ್ನ ಸನ್ನದುಗಳನ್ನು ಒಪ್ಪಿಸಿ ಅಂಗಡಿಯನ್ನು ಮುಚ್ಚಿತು. ಎಂಬತ್ತು ಸಾವಿರಕ್ಕೂ ಮೇಲ್ಪಟ್ಟ ಜನರು ಅದರಲ್ಲಿ ಕೆಲಸಕ್ಕಿದ್ದರು. ೨೦೦೫ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಅದರ ಮೇಲಿನ ಶಿಕ್ಷೆಯ ತೀರ್ಪನ್ನು ರದ್ದು ಮಾಡಿತು. ಆ ವೇಳೆಗೆ ಸಂಸ್ಥೆಯೇ ಉಳಿದಿರಲಿಲ್ಲ. ಹಾಗೆಂದು ಚಿಕ್ಕ ಲೆಕ್ಕಗಳಲ್ಲಿ ಎಲ್ಲವೂ ಕ್ಷೇಮವೆಂದೂ ಅಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ೨೦೨೦ರ ಜನವರಿಯಲ್ಲಿ ರಿಜರ್ವ ಬ್ಯಾಂಕು ನಿರ್ಬಂಧಗಳನ್ನು ಹೇರಿದಾಗ, ಪಿಂಚಣಿಯ ಗಂಟನ್ನು ಅಲ್ಲಿಟ್ಟ ನನ್ನಂಥ ಎಷ್ಟು ಜನ ನಿವೃತ್ತರು ಬೀದಿಯಲ್ಲಿ ಸರದಿ ನಿಂತರು! ಪ್ರಸಂಗ ಬಂದುದರಿಂದ ಗೃಹಸ್ಥರಿಗೆ ಒಂದು ಸೂಚನೆ: ೨೦೨೦ರಲ್ಲಿ ಐದು ಲಕ್ಷಕ್ಕೆ ಏರಿಸಿದ ಠೇವಣಿ ವಿಮೆಯು ಸಹಕಾರಿ ಬ್ಯಾಂಕುಗಳಿಗೆ ಉಂಟು, ಊರೂರಿನಲ್ಲಿರುವ ಪತ್ತಿನ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಇಲ್ಲ. ಅಂಥ ಸಂಘದ ಆಡಿಟರನು ಚೀಟಿಗಳನ್ನು ಬಿಚ್ಚಿ ನೋಡುವವನೋ, ಚಹಾ ಕುಡಿದು ಸಹಿ ಮಾಡುವವನೋ ಎಂಬುದರ ಮೇಲೆ ಮುಧೋಳದ ಯಾವಳೋ ವಿಧವೆಯ ಎರಡು ಲಕ್ಷ ರೂಪಾಯಿ ನಿಂತಿರುತ್ತವೆ. ಬನಹಟ್ಟಿಯ ಹುಡುಗನು ಎಲ್ಲಿ, ಹೇಗೆ ಕಲಿಯುವನೆಂಬುದು ಅವನ ಮನೆಯವರಿಗೆ ಮಾತ್ರ ಸೇರಿದ ಸಂಗತಿಯಲ್ಲವೆಂದು ನನಗನಿಸಿದುದು ಈ ಕಾರಣಕ್ಕಾಗಿ.

ಹದಿನೈದು ದಿನಗಳ ತರುವಾಯ ತಂದೆಮಗ ಮತ್ತೆ ಬಂದರು. ನಾನು ಹುಡುಗನನ್ನೇ ಕೇಳಿದೆನು: “ಮುಂದೆ ಕಂಪನಿಯಲ್ಲಿ ಇರುವೆಯೋ, ಊರಿಗೆ ಬಂದು ಕೂಡುವೆಯೋ?” ಅವನು ಬಹಳ ಹೊತ್ತು ಸುಮ್ಮನಿದ್ದು, “ನನಗಿನ್ನೂ ಗೊತ್ತಿಲ್ಲ ಸರ್” ಎಂದನು. ಇಪ್ಪತ್ತರ ವಯಸ್ಸಿನಲ್ಲಿ ಇದು ಸತ್ಯವಾದ ಉತ್ತರವೇ. ಬೆಂಗಳೂರಿನವರಿಗೆ ಪತ್ರ ಬರೆದು, ಯಾವ ಬಗೆಯ ಕಂಪನಿಗಳ ಲೆಕ್ಕಕ್ಕೆ ತನ್ನನ್ನು ಹಚ್ಚುವರು, ವರ್ಷದ ಮೇಲೆ ಕೆಲಸವನ್ನು ಬದಲಿಸುವರೋ, ತೆರಿಗೆಯ ವಿಭಾಗದಲ್ಲಿ ಕೆಲವು ತಿಂಗಳು ಇಡುವರೋ, ಪರೀಕ್ಷೆಗೆ ರಜೆ ಎಷ್ಟು, ಇವನ್ನೆಲ್ಲ ಕೇಳೆಂದು ಹೇಳಿದೆನು. ವಾರದೊಳಗೆ ಉತ್ತರ ಬಂದಿತು. ಕಾರಖಾನೆಗಳ ಪರಿಶೋಧನೆಗೆ ಹಾಕುವೆವು, ರಜೆಯನ್ನು ಕೊಡುವೆವು, ತೆರಿಗೆಯ ವಿಭಾಗದ ಮಾತನ್ನು ಈಗ ಕೊಡಲಾರೆವು ಎಂದು ಬರೆದಿದ್ದರು. ಕೊಡಲಾರೆವೆಂದು ಸ್ಪಷ್ಟವಾಗಿ ಹೇಳಿದುದು ನನಗೆ ಮೆಚ್ಚಿಕೆಯಾಯಿತು. ಕಾರಖಾನೆಯ ಕೆಲಸವೆಂದರೆ ನಮ್ಮ ಸೀಮೆಗೆ ಹೊರತಾದುದಲ್ಲ. ಕಲಿತರೆ ಎತ್ತಲಾದರೂ ಸಲ್ಲುವುದು. ತೆರಿಗೆಯನ್ನು ಬೇಕಾದರೆ ಆಮೇಲೆ ಇಲ್ಲಿಯ ಹಿರಿಯ ಆಡಿಟರರ ಹತ್ತಿರ ಕಲಿಯಲಿ. ಹೋಗಿ ಬಾ ಎಂದೆನು. ಆ ಹಿರಿಯರ ಮನೆಗೂ ಅವನನ್ನೇ ಕಳಿಸಿ ಕಾರಣವನ್ನು ಹೇಳಿಸಿದೆನು, ಅವರು ಸಿಟ್ಟಾಗಲಿಲ್ಲ.

ಹೊರಡುವ ಮುನ್ನ ಹುಡುಗನು ಎರಡು ವರ್ಷಗಳ ಆಯವ್ಯಯವನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದನು. ಎಡಗಡೆ ವೇತನ, ಬಲಗಡೆ ಬಾಡಿಗೆ, ಊಟ, ಪುಸ್ತಕ, ಪರೀಕ್ಷೆಯ ಶುಲ್ಕ. ಕೆಳಗೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಕಡಿಮೆ ಬೀಳುತ್ತದೆಂದು ಕೆಂಪು ಶಾಯಿಯಿಂದ ಬರೆದು, ಅದರ ಮುಂದೆ ‘ತಂದೆಯವರಿಂದ’ ಎಂದು ನಮೂದಿಸಿದ್ದನು. ತಂದೆಯು ಕನ್ನಡಕವನ್ನು ಏರಿಸಿಕೊಂಡು, ಬೆರಳನ್ನು ಒಂದೊಂದು ಸಾಲಿನ ಮೇಲೂ ಇಟ್ಟು, ಕೆಳಗಿನ ತನಕ ಓದಿದನು.

“ಎಲ್ಲಾ ಬರದೀ. ದೀಪಾವಳಿಗೆ ಊರಿಗೆ ಬರೂ ಬಸ್ಸಿನ ರೊಕ್ಕ ಎಲ್ಲೈತಲೋ ಇದರಾಗ?”

ಹುಡುಗನು ನನ್ನ ಕಡೆಯಿಂದ ಪೆನ್ನನ್ನು ಕೇಳಿ ತೆಗೆದುಕೊಂಡು ಅದನ್ನೂ ಬರೆದನು.